ಹಂಚಿಕೆಯ ಸರ್ವರ್‌ಗಳಲ್ಲಿ ಪ್ರೊಸೆಸರ್ ಮತ್ತು ಮೆಮೊರಿ ನಿರ್ವಹಣೆ: ಇತಿಹಾಸ

ಬೇರೆ ಬೇರೆ ಬಳಕೆದಾರರ, ಬೇರೆ ಬೇರೆ ಸಂಸ್ಥೆಗಳ ಪ್ರೋಗ್ರಾಂಗಳು ಒಟ್ಟೊಟ್ಟಿಗೆ ಓಡುವ ಕಂಪ್ಯೂಟರ್‌ಗೆ ಹಂಚಿಕೆಯ ಸರ್ವರ್ ಎಂದು ಹೆಸರು. ಅದರ ಪ್ರೊಸೆಸರ್‌ನ ಹೊತ್ತನ್ನೂ ಮೆಮೊರಿಯ ಜಾಗವನ್ನೂ ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು, ಕೊಟ್ಟದ್ದರ ಲೆಕ್ಕ ಇಡುವುದು, ಮಿತಿ ಮೀರಿದವರನ್ನು ತಡೆಯುವುದು ಆಪರೇಟಿಂಗ್ ಸಿಸ್ಟಂನ ಮೂಲ ಕೆಲಸಗಳಲ್ಲಿ ಸೇರಿವೆ. ಈ ವಿಧಾನಗಳ ಚರಿತ್ರೆ 1960ರ ಆಸುಪಾಸಿನಲ್ಲಿ ಮೊದಲಾಗುತ್ತದೆ.

ಪ್ರೊಸೆಸರ್ ಮತ್ತು ಮೆಮೊರಿಯನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಆದರೆ ಎರಡರ ಸ್ವಭಾವ ಬೇರೆ. ಪ್ರೊಸೆಸರ್‌ನ ಹೊತ್ತು ಕೆರೆಯ ತೂಬಿನಿಂದ ಹರಿಯುವ ನೀರಿದ್ದಂತೆ. ನೀರುಗಂಟಿ ಒಂದು ಗದ್ದೆಯ ಮಡೆ ಕಟ್ಟಿ ಇನ್ನೊಂದರ ಮಡೆ ಬಿಚ್ಚಿದ ಹಾಗೆ, ಆಪರೇಟಿಂಗ್ ಸಿಸ್ಟಂ ಅದನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ತಿರುಗಿಸಬಲ್ಲದು. ಕಳೆದುಕೊಂಡ ಪ್ರೋಗ್ರಾಂಗೆ ತಡವಾಗುತ್ತದೆ, ಅಷ್ಟೇ. ಮೆಮೊರಿ ಮನೆ ಕಟ್ಟಿ ಸಾಮಾನು ತುಂಬಿದ ನಿವೇಶನ. ಸಾಮಾನನ್ನು ಬೇರೆಡೆ ಸಾಗಿಸಬೇಕು, ಇಲ್ಲವೇ ಮನೆಯವರನ್ನು ಹೊರಹಾಕಬೇಕು. ಹಿಂದಕ್ಕೆ ಪಡೆಯಲು ಮೂರನೆಯ ದಾರಿಯಿಲ್ಲ. ಅರವತ್ತು ವರ್ಷಗಳಲ್ಲಿ ಇಲ್ಲಿ ನಡೆದ ಒಳ್ಳೆಯ ಕೆಲಸದ ಬಹುಪಾಲು ಈ ವ್ಯತ್ಯಾಸವನ್ನು ನಿಭಾಯಿಸಲು ಹುಟ್ಟಿದ್ದು.

ಕಾಲ ಹಂಚಿಕೆಯ ಆರಂಭ

1950ರ ದಶಕದಲ್ಲಿ ಹಂಚುವ ಪ್ರಶ್ನೆಯೇ ಇರಲಿಲ್ಲ. ಪಂಚ್ ಕಾರ್ಡಿನ ಕಟ್ಟುಗಳು ಸಾಲಾಗಿ ಒಳಹೋಗುತ್ತಿದ್ದವು. ಒಂದು ಕೆಲಸ ಮುಗಿಯುವವರೆಗೆ ಇಡೀ ಯಂತ್ರ ಅದರದೇ. ಟೇಪು ಸುತ್ತುವುದನ್ನು, ಅಚ್ಚು ಮುಗಿಯುವುದನ್ನು ಕಾಯುತ್ತ ಅತ್ಯಂತ ದುಬಾರಿ ಯಂತ್ರ ಸುಮ್ಮನೆ ನಿಂತಿರುತ್ತಿತ್ತು. 1959ರಲ್ಲಿ ಬ್ರಿಟನ್ನಿನ ಕ್ರಿಸ್ಟೋಫರ್ ಸ್ಟ್ರೇಚಿ ಪ್ಯಾರಿಸ್‌ನ ಯುನೆಸ್ಕೋ ಸಮ್ಮೇಳನದಲ್ಲಿ ಕಾಲ ಹಂಚಿಕೆಯ ಬಗ್ಗೆ ಪ್ರಬಂಧ ಮಂಡಿಸಿದರು. ಅದೇ ವರ್ಷ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ, ಹಲವರು ಒಂದೇ ಯಂತ್ರದ ಮುಂದೆ ಕೂತು ಏಕಕಾಲದಲ್ಲಿ ಕೆಲಸ ಮಾಡಬಹುದೆಂದು ಟಿಪ್ಪಣಿ ಬರೆದರು.

ಅದನ್ನು ಮಾಡಿ ತೋರಿಸಿದವರು ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು. ಅವರ ಸಿಟಿಎಸ್‌ಎಸ್ ವ್ಯವಸ್ಥೆ 1961ರ ನವೆಂಬರ್‌ನಲ್ಲಿ ಐಬಿಎಂ 709ರ ಮೇಲೆ ನಾಲ್ವರು ಬಳಕೆದಾರರೊಂದಿಗೆ ಪ್ರದರ್ಶನ ಕಂಡಿತು. ಮುಂದೆ ಐಬಿಎಂ 7094ರ ಮೇಲೆ ಓಡಿದಾಗ ಅದಕ್ಕೆ ತಲಾ 32,768 ಪದಗಳ ಎರಡು ಮೆಮೊರಿ ಭಾಗಗಳಿದ್ದವು: ಒಂದು ಮೇಲ್ವಿಚಾರಕ ಪ್ರೋಗ್ರಾಂಗೆ, ಇನ್ನೊಂದು ಬಳಕೆದಾರರಿಗೆ. ಸರದಿ ಬಂದವರ ಪ್ರೋಗ್ರಾಂ ಒಳಗೆ. ಉಳಿದವರದು ಹೊರಗಿನ ಸಂಗ್ರಹವಾದ ಡ್ರಮ್ಮಿನಲ್ಲೋ ಡಿಸ್ಕಿನಲ್ಲೋ ಕಾಯಬೇಕು.

ಈ ಗುಂಪು 1962ರಲ್ಲಿ ಪ್ರಕಟಿಸಿದ ಸರದಿಯ ನಿಯಮವನ್ನು ಇಂದಿಗೂ ಬಿಡಿಸಿ ನೋಡಬೇಕು. ಸರದಿಗಳು ಹಲವು ಹಂತಗಳಲ್ಲಿರುತ್ತವೆ. ಕೆಳಗಿನ ಹಂತಕ್ಕೆ ಆದ್ಯತೆ ಕಡಿಮೆ, ಆದರೆ ಸಿಕ್ಕಾಗ ಸಿಗುವ ಹೊತ್ತು ಮೇಲಿನದರ ಎರಡರಷ್ಟು. ಕೊಟ್ಟ ಹೊತ್ತಿನಲ್ಲಿ ಮುಗಿಸದ ಪ್ರೋಗ್ರಾಂ ಒಂದು ಹಂತ ಕೆಳಗಿಳಿಯುತ್ತದೆ. ಹೀಗಾಗಿ ಒಂದು ಸಾಲು ತಿದ್ದಲು ಕೂತವರಿಗೆ ತಕ್ಷಣ ಉತ್ತರ. ಗಂಟೆಗಟ್ಟಲೆ ಲೆಕ್ಕ ಮಾಡುವವರಿಗೆ ಅಪರೂಪಕ್ಕೊಮ್ಮೆ, ಆದರೆ ಉದ್ದನೆಯ ಅವಕಾಶ. ಹೊಸದಾಗಿ ಬಂದ ಪ್ರೋಗ್ರಾಂ ಯಾವ ಹಂತದಿಂದ ಆರಂಭಿಸಬೇಕೆಂಬುದನ್ನು ನಿರ್ಧರಿಸುತ್ತಿದ್ದದ್ದು ಅದರ ಗಾತ್ರ. ದೊಡ್ಡ ಪ್ರೋಗ್ರಾಂ ಅನ್ನು ಒಳತರಲು ತಗಲುವ ಹೊತ್ತು ಹೆಚ್ಚು. ತಂದ ಮೇಲೆ ಅಷ್ಟಾದರೂ ಹೊತ್ತು ಓಡದಿದ್ದರೆ ತಂದ ಶ್ರಮ ವ್ಯರ್ಥ. ಮೆಮೊರಿಯ ವೆಚ್ಚವನ್ನು ಪ್ರೊಸೆಸರ್‌ನ ಲೆಕ್ಕದಲ್ಲಿ ಸೇರಿಸಿದ ಈ ಒಂದು ಸಾಲಿನ ಸೂತ್ರ ನಂತರ ಬಂದ ಎಷ್ಟೋ ವ್ಯವಸ್ಥೆಗಳಿಗಿಂತ ಮುಂದಿತ್ತು. ಆಮೇಲಿನ ವಿನ್ಯಾಸಗಳಲ್ಲಿ ಎರಡನ್ನೂ ಬೇರೆ ಬೇರೆ ತಂಡಗಳು ಬೇರೆ ಬೇರೆಯಾಗಿ ನೋಡಿಕೊಂಡವು, ಅದರ ಫಲವನ್ನು ಬಳಕೆದಾರರು ಉಂಡರು. ಕೊರ್ಬಾಟೊ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಮೆಮೊರಿಯ ಕಡೆಯ ದೊಡ್ಡ ಹೆಜ್ಜೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಬಿತ್ತು. ಟಾಮ್ ಕಿಲ್ಬರ್ನ್ ಮುಂದಾಳತ್ವದ ಅಟ್ಲಾಸ್ ಕಂಪ್ಯೂಟರ್ 1962ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಮೆಮೊರಿಯನ್ನು 512 ಪದಗಳ ಪುಟಗಳಾಗಿ ಕತ್ತರಿಸಿ, ಬೇಕಾದ ಪುಟಗಳನ್ನಷ್ಟೇ ಒಳಗಿಟ್ಟು ಉಳಿದವನ್ನು ಡ್ರಮ್ಮಿನಲ್ಲಿ ಇಡುವ ಏರ್ಪಾಡು ಅದರದು. ಬರೆಯುವವರಿಗೆ ಎರಡೂ ಸೇರಿ ಒಂದೇ ವಿಶಾಲ ಮೆಮೊರಿಯಂತೆ ಕಾಣುತ್ತಿತ್ತು. ಯಾವ ಪುಟವನ್ನು ಹೊರಕಳಿಸಬೇಕೆಂಬುದನ್ನು ಹಿಂದಿನ ಬಳಕೆ ನೋಡಿ ಊಹಿಸುವ ಪ್ರೋಗ್ರಾಂ ಕೂಡ ಅದರಲ್ಲಿತ್ತು.

ಪುಟದ ಏರ್ಪಾಡು ಹರಡುತ್ತಿದ್ದಂತೆ ಹೊಸ ಕಾಯಿಲೆಯೊಂದು ಕಾಣಿಸಿಕೊಂಡಿತು. ಪ್ರೋಗ್ರಾಂಗಳ ಸಂಖ್ಯೆ ಒಂದು ಹಂತ ದಾಟಿದ ಕೂಡಲೇ ಯಂತ್ರ ನಿಧಾನವಾಗುವುದಲ್ಲ, ನಿಂತೇಹೋಗುತ್ತಿತ್ತು. ಒಂದು ಪ್ರೋಗ್ರಾಂ ತನ್ನ ಪುಟ ಒಳತರಲು ಇನ್ನೊಂದರ ಪುಟವನ್ನು ತಳ್ಳುತ್ತದೆ. ಮರುಕ್ಷಣ ಆ ಇನ್ನೊಂದಕ್ಕೆ ಅದೇ ಪುಟ ಬೇಕು. ಎಲ್ಲರೂ ಡ್ರಮ್ಮಿಗಾಗಿ ಕಾಯುತ್ತಿರುವುದರಿಂದ ಪ್ರೊಸೆಸರ್ ಖಾಲಿ ಕೂತಿರುತ್ತದೆ. ಖಾಲಿ ಕೂತದ್ದನ್ನು ಕಂಡ ವ್ಯವಸ್ಥೆ ‘ಇನ್ನೂ ಕೆಲಸಕ್ಕೆ ಅವಕಾಶವಿದೆ’ ಎಂದು ಮತ್ತೊಂದು ಪ್ರೋಗ್ರಾಂ ಒಳಬಿಡುತ್ತದೆ, ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಥ್ರ್ಯಾಶಿಂಗ್ ಎಂದು ಹೆಸರಾದ ಈ ಸ್ಥಿತಿಯ ಕಾರಣವನ್ನು 1968ರಲ್ಲಿ ಪೀಟರ್ ಡೆನ್ನಿಂಗ್ ವಿವರಿಸಿದರು. ಪ್ರತಿ ಪ್ರೋಗ್ರಾಂ ಇತ್ತೀಚಿನ ಅಲ್ಪಾವಧಿಯಲ್ಲಿ ಮುಟ್ಟಿದ ಪುಟಗಳ ಗುಂಪಿಗೆ ಅವರು ‘ವರ್ಕಿಂಗ್ ಸೆಟ್’ ಎಂದರು: ಆ ಗುಂಪಿಗೆ ಪೂರ್ತಿ ಜಾಗವಿದ್ದರೆ ಮಾತ್ರ ಪ್ರೋಗ್ರಾಂ ಓಡಲಿ, ಇಲ್ಲದಿದ್ದರೆ ಹೊರಗೇ ಕಾಯಲಿ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡುವುದು ಪ್ರೊಸೆಸರ್‌ ವಿಷಯದಲ್ಲಿ ನ್ಯಾಯ. ಮೆಮೊರಿಯ ವಿಷಯದಲ್ಲಿ ಅದೇ ಎಲ್ಲರನ್ನೂ ಮುಳುಗಿಸಬಹುದು ಎಂಬುದು ಅಲ್ಲಿ ಮೊದಲ ಬಾರಿ ಖಚಿತವಾಯಿತು.

ಐಬಿಎಂನ ದೊಡ್ಡ ಯಂತ್ರಗಳು ತಮ್ಮದೇ ದಾರಿ ಹಿಡಿದವು. 1972ರಲ್ಲಿ ಬಂದ ವಿಎಂ/370 ಒಂದೇ ಯಂತ್ರವನ್ನು ಹಲವು ಕಲ್ಪಿತ ಯಂತ್ರಗಳಾಗಿ ಹೋಳು ಮಾಡಿತು. 1994ರಲ್ಲಿ ಐಬಿಎಂನ ಎಂವಿಎಸ್ ಆಪರೇಟಿಂಗ್ ಸಿಸ್ಟಂಗೆ ಸೇರಿದ ವರ್ಕ್‌ಲೋಡ್ ಮ್ಯಾನೇಜರ್ ಇನ್ನೂ ಮುಂದೆ ಹೋಯಿತು: ಯಾರಿಗೆ ಎಷ್ಟು ಪಾಲು ಎಂದು ನಿರ್ವಾಹಕರು ಬರೆಯಬೇಕಿಲ್ಲ, ಯಾವ ಬಗೆಯ ವಹಿವಾಟು ಎಷ್ಟು ಹೊತ್ತಿನಲ್ಲಿ ಮುಗಿಯಬೇಕು, ಅದು ಎಷ್ಟು ಮುಖ್ಯ ಎಂದು ಹೇಳಿದರೆ ಸಾಕು. ಪಾಲನ್ನು ವ್ಯವಸ್ಥೆಯೇ ಹೊಂದಿಸಿಕೊಳ್ಳುತ್ತದೆ.

ಪಾಲು ಯಾರ ಹೆಸರಿಗೆ?

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್‌ನಲ್ಲಿ ಹಂಚಿಕೆ ಸರಳವಾಗಿತ್ತು. ಇತ್ತೀಚೆಗೆ ಹೆಚ್ಚು ಓಡಿದ ಪ್ರೋಗ್ರಾಂನ ಆದ್ಯತೆ ಇಳಿಯುತ್ತದೆ, ಕಾದರೆ ಮತ್ತೆ ಏರುತ್ತದೆ. ತನಗೆ ಅವಸರವಿಲ್ಲ, ಬೇರೆಯವರು ಮುಂದೆ ಹೋಗಲಿ ಎನ್ನುವವರಿಗೆ ‘ನೈಸ್’ ಎಂಬ ಆದೇಶ. ಯುನಿಕ್ಸ್ ಮಾದರಿಯಲ್ಲೇ ಬಂದ ಲಿನಕ್ಸ್‌ನಲ್ಲಿ ಅದರ ಅಂಕಿ ಇಂದಿಗೂ -20ರಿಂದ 19ರವರೆಗೆ. ಅಂಕಿ ಹೆಚ್ಚಿದಷ್ಟೂ ದಾಕ್ಷಿಣ್ಯ ಹೆಚ್ಚು. ಒಬ್ಬರಿಗೊಬ್ಬರು ಪರಿಚಯವಿದ್ದ ಪ್ರಯೋಗಾಲಯದಲ್ಲಿ ಇದು ನಡೆಯಿತು. ನೂರಾರು ವಿದ್ಯಾರ್ಥಿಗಳಿರುವ ಕಡೆ ದಾಕ್ಷಿಣ್ಯವನ್ನು ನಂಬಿ ಯಂತ್ರ ನಡೆಸಲಾಗದು.

ದೋಷ ಇನ್ನೂ ಆಳದಲ್ಲಿತ್ತು. ಯುನಿಕ್ಸ್ ಎಣಿಸುತ್ತಿದ್ದದ್ದು ಓಡುತ್ತಿರುವ ಪ್ರೋಗ್ರಾಂಗಳನ್ನು, ಜನರನ್ನಲ್ಲ. ಒಬ್ಬ ಹತ್ತು ಪ್ರೋಗ್ರಾಂ ಓಡಿಸಿದರೆ, ಒಂದನ್ನು ಓಡಿಸುವವನ ಹತ್ತರಷ್ಟು ಪಾಲು ಅವನಿಗೆ. ಪಂಕ್ತಿಯಲ್ಲಿ ತಲೆ ಎಣಿಸುವ ಬದಲು ಎಲೆ ಎಣಿಸಿ ಬಡಿಸಿದ ಹಾಗೆ. ಇದನ್ನು ಎದುರಿಸಿದವರು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್. ಅಸೈನ್‌ಮೆಂಟ್ ಒಪ್ಪಿಸುವ ದಿನ ಹತ್ತಿರವಾದಾಗ ಒಂದು ತರಗತಿ ಇಡೀ ಯಂತ್ರವನ್ನು ನುಂಗುತ್ತಿದ್ದುದು ಅವರ ಮುಂದಿದ್ದ ನಿತ್ಯದ ಸಮಸ್ಯೆ. 1988ರ ಜನವರಿಯಲ್ಲಿ ಪ್ರಕಟವಾದ ಅವರ ಫೇರ್ ಷೇರ್ ವಿಧಾನದಲ್ಲಿ ಲೆಕ್ಕ ಬಳಕೆದಾರರ ಹೆಸರಿನಲ್ಲಿ. ಪ್ರತಿಯೊಬ್ಬರಿಗೂ ಗೊತ್ತಾದ ಪಾಲು. ಬಳಸಿದ್ದು ಖಾತೆಗೆ ಬೀಳುತ್ತದೆ. ಹಳೆಯ ಬಳಕೆ ದಿನ ಕಳೆದಂತೆ ಮಾಸುತ್ತ ಹೋಗುತ್ತದೆ. ಹಿಂದಿನ ವಾರ ಮಿತವಾಗಿ ಬಳಸಿದವರಿಗೆ ಈ ವಾರ ಬೇಗ ಸರದಿ ಬರುತ್ತದೆ. ಯಂತ್ರ ಖಾಲಿಯಿದ್ದಾಗ ಬಳಸಲು ಯಾರಿಗೂ ಅಡ್ಡಿಯಿಲ್ಲ. ಪಾಲು ಎಂದರೆ ಬೇಲಿಯಲ್ಲ, ನೂಕುನುಗ್ಗಲಿದ್ದಾಗ ಮಾತ್ರ ಜಾರಿಗೆ ಬರುವ ಹಕ್ಕು ಎಂಬ ಈ ತಿಳಿವಳಿಕೆ ಇಡೀ ಚರಿತ್ರೆಯ ಅತ್ಯಂತ ಹದವಾದ ತೀರ್ಮಾನ. ಮುಂದೆ ಬೇಲಿಗಳನ್ನೇ ನೆಚ್ಚಿಕೊಂಡವರು ಖಾಲಿ ಯಂತ್ರದ ಮುಂದೆ ಕಾಯುವ ಪ್ರೋಗ್ರಾಂಗಳನ್ನು ಕಾಣಬೇಕಾಯಿತು. ಸಿಡ್ನಿಯ ಆ ತಂತ್ರಾಂಶದ ಮುಂದಿನ ರೂಪವೇ ಸನ್ ಕಂಪನಿಯ ಸೊಲಾರಿಸ್ ರಿಸೋರ್ಸ್ ಮ್ಯಾನೇಜರ್‌ಗೆ ಆಧಾರವಾಯಿತು.

1994ರಲ್ಲಿ ಎಂಐಟಿಯ ಕಾರ್ಲ್ ವಾಲ್ಡ್‌ಸ್ಪರ್ಗರ್ ಮತ್ತು ವಿಲಿಯಂ ವೀಲ್ ಲಾಟರಿಯಿಂದ ಸರದಿ ನಿರ್ಧರಿಸುವ ವಿಧಾನ ಸೂಚಿಸಿದರು. ಪಾಲಿಗೆ ತಕ್ಕಷ್ಟು ಚೀಟಿ. ಪ್ರತಿ ಸಲ ಒಂದು ಚೀಟಿ ಎತ್ತುವುದು. ಚೀಟಿ ಯಾರದೋ ಅವರು ಓಡುವುದು. ಒಂದೇ ಒಂದು ಚೀಟಿ ಇರುವವರಿಗೂ ಎಂದಾದರೊಮ್ಮೆ ಸರದಿ ಬಂದೇ ಬರುತ್ತದೆ, ಉಪವಾಸ ಬೀಳುವವರಿಲ್ಲ.

ವಿಂಡೋಸ್ ಸರ್ವರ್‌ಗಳಿಗೆ ಈ ಬಗೆಯ ಉಪಕರಣ ತಡವಾಗಿ ಬಂತು. ವಿಂಡೋಸ್ 2000ದಲ್ಲಿ ಪ್ರೋಗ್ರಾಂಗಳನ್ನು ಗುಂಪು ಮಾಡಿ ಮಿತಿ ಹೇರುವ ಜಾಬ್ ಆಬ್ಜೆಕ್ಟ್‌ಗಳಿದ್ದವು. ವಿಂಡೋಸ್ ಸರ್ವರ್ 2003ರೊಂದಿಗೆ ಬಂದ ಸಿಸ್ಟಂ ರಿಸೋರ್ಸ್ ಮ್ಯಾನೇಜರ್, ಒಟ್ಟು ಪ್ರೊಸೆಸರ್ ಬಳಕೆ ಶೇ. 70 ದಾಟಿದಾಗ ಮಾತ್ರ ಪಾಲನ್ನು ಜಾರಿಗೊಳಿಸುತ್ತಿತ್ತು.

ಕಲ್ಪಿತ ಯಂತ್ರಗಳ ಕಾಲ

ಅಗ್ಗದ ಇಂಟೆಲ್ ಸರ್ವರ್‌ಗಳು ಹರಡಿದ ಮೇಲೆ ಒಂದು ಅಪ್ಲಿಕೇಶನ್‌ಗೆ ಒಂದು ಸರ್ವರ್ ಎಂಬ ಪದ್ಧತಿ ಬೆಳೆಯಿತು. ಒಬ್ಬರ ತಂತ್ರಾಂಶ ಕೆಟ್ಟರೆ ಇನ್ನೊಬ್ಬರಿಗೆ ತೊಂದರೆಯಾಗದು. ಆದರೆ ಹೆಚ್ಚಿನ ಯಂತ್ರಗಳು ಹೆಚ್ಚಿನ ಹೊತ್ತು ಖಾಲಿ. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ 2001ರಲ್ಲಿ ಇಎಸ್‌ಎಕ್ಸ್ ಸರ್ವರ್ ತಂದು, ದೊಡ್ಡ ಯಂತ್ರಗಳ ಹಳೆಯ ಉಪಾಯವನ್ನು ಈ ಸಣ್ಣ ಯಂತ್ರಗಳಿಗೆ ಇಳಿಸಿತು. 2003ರಲ್ಲಿ ಕೇಂಬ್ರಿಜ್‌ನಿಂದ ಇದೇ ಬಗೆಯ ಕ್ಸೆನ್ ತಂತ್ರಾಂಶ ಬಂತು. 2006ರಲ್ಲಿ ಅಮೆಜಾನ್ ಅದರ ಮೇಲೆ ಇಸಿ2 ಬಾಡಿಗೆ ಸೇವೆ ಆರಂಭಿಸಿತು.

ಇಲ್ಲಿಯೂ ಮೆಮೊರಿಯೇ ಗಂಟು. ಒಳಗಿನ ಆಪರೇಟಿಂಗ್ ಸಿಸ್ಟಂ ಯಾವ ಪುಟವನ್ನು ನಿಜವಾಗಿ ಬಳಸುತ್ತಿದೆ, ಯಾವುದು ಸುಮ್ಮನೆ ಬಿದ್ದಿದೆ ಎಂಬುದು ಕಲ್ಪಿತ ಯಂತ್ರಗಳನ್ನು ಹೊರಗಿನಿಂದ ಓಡಿಸುವ ಹೈಪರ್‌ವೈಸರ್‌ಗೆ ತಿಳಿಯದು. ಕೈಗೆ ಸಿಕ್ಕ ಪುಟ ಕಿತ್ತುಕೊಂಡರೆ ಅದೇ ಅತಿ ಮುಖ್ಯವಾದದ್ದಾಗಿರಬಹುದು. ಲಾಟರಿ ವಿಧಾನದ ಅದೇ ವಾಲ್ಡ್‌ಸ್ಪರ್ಗರ್ ವಿಎಂವೇರ್ ಸೇರಿ 2002ರಲ್ಲಿ ಬರೆದ ಪ್ರಬಂಧ ಇದಕ್ಕೆ ಬಲೂನಿನ ಉಪಾಯ ಹೇಳಿತು. ಪ್ರತಿ ಕಲ್ಪಿತ ಯಂತ್ರದೊಳಗೆ ಒಂದು ಪುಟ್ಟ ಡ್ರೈವರ್ ಕೂರಿಸುತ್ತಾರೆ. ಹೊರಗೆ ಜಾಗ ಸಾಲದಾದಾಗ ಆ ಡ್ರೈವರ್ ಒಳಗಿನ ಆಪರೇಟಿಂಗ್ ಸಿಸ್ಟಂ ಬಳಿ ‘ನನಗಿಷ್ಟು ಮೆಮೊರಿ ಬೇಕು’ ಎಂದು ಕೇಳುತ್ತ ಉಬ್ಬುತ್ತದೆ. ಒಳಗಿನವರು ತಮಗೆ ಅಷ್ಟಾಗಿ ಬೇಡದ ಪುಟಗಳನ್ನು ತಾವೇ ಆರಿಸಿ ಅದಕ್ಕೆ ಕೊಡುತ್ತಾರೆ. ಹೈಪರ್‌ವೈಸರ್ ಅವನ್ನು ಹಿಂದಿನಿಂದ ತೆಗೆದುಕೊಂಡು ಅಗತ್ಯವಿರುವವರಿಗೆ ಒದಗಿಸುತ್ತದೆ. ಒತ್ತಡ ಇಳಿದಾಗ ಬಲೂನೂ ಇಳಿಯುತ್ತದೆ. ಯಾವುದನ್ನು ಬಿಡಬೇಕೆಂಬ ತೀರ್ಮಾನವನ್ನು, ಅದು ಗೊತ್ತಿರುವವರಿಗೇ ಬಿಟ್ಟದ್ದು ಇದರ ಹೆಚ್ಚುಗಾರಿಕೆ. ಬಳಸದೆ ಇಟ್ಟುಕೊಂಡ ಮೆಮೊರಿಗೆ ತೆರಿಗೆ ವಿಧಿಸುವ ಸೂತ್ರವೂ ಅದೇ ಪ್ರಬಂಧದ್ದು.

ಬಾಡಿಗೆಯ ವೆಬ್ ಹೋಸ್ಟಿಂಗ್‌ನಲ್ಲಿ ಇಷ್ಟು ನಾಜೂಕು ಸಾಧ್ಯವಿರಲಿಲ್ಲ. ಒಂದೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೇಲೆ ಹಲವು ಗ್ರಾಹಕರನ್ನು ಬೇರ್ಪಡಿಸಿ ಕೂರಿಸುವ ಫ್ರೀಬಿಎಸ್‌ಡಿ ಜೈಲ್ 2000ದಲ್ಲಿ, ಸೊಲಾರಿಸ್ ಝೋನ್ ಮತ್ತು ಓಪನ್‌ವಿಝಡ್ 2005ರಲ್ಲಿ ಬಂದವು. ಓಪನ್‌ವಿಝಡ್‌ನಲ್ಲಿ ಪ್ರತಿ ಗ್ರಾಹಕರಿಗೆ ಸುಮಾರು 20 ಬಗೆಯ ಮಿತಿಗಳ ಪಟ್ಟಿ ಇರುತ್ತಿತ್ತು. ಮಿತಿ ತಾಗಿ ಎಷ್ಟು ಸಲ ಬೇಡಿಕೆ ಬಿದ್ದುಹೋಯಿತು ಎಂಬ ಎಣಿಕೆ ಕೊನೆಯ ಕಾಲಂನಲ್ಲಿ. ಸೈಟು ಯಾಕೆ ಬಿತ್ತೆಂದು ಹುಡುಕುವವರು ಮೊದಲು ನೋಡುತ್ತಿದ್ದದ್ದು ಆ ಕಾಲಂ. 2010ರಲ್ಲಿ ಬಂದ ಕ್ಲೌಡ್‌ಲಿನಕ್ಸ್ ಹಂಚಿಕೆಯ ಹೋಸ್ಟಿಂಗ್‌ನ ಪ್ರತಿ ಖಾತೆಗೂ ಮಿತಿ ಕಟ್ಟಿತು. ಸಣ್ಣ ಪತ್ರಿಕೆಯ ಸೈಟಿಗೆ ಒಮ್ಮೆಲೇ ಓದುಗರು ನುಗ್ಗಿದಾಗ ತೆರೆಯ ಮೇಲೆ ಕಾಣುವ 508 ಸಂಖ್ಯೆಯ ದೋಷ ಅದರ ಗುರುತು.

ಲಿನಕ್ಸ್ ಸಿಗ್ರೂಪ್ ಮತ್ತು ಬೆಂಗಳೂರು

ಇಂದು ಜಗತ್ತಿನ ಸರ್ವರ್‌ಗಳಲ್ಲಿ ನಡೆಯುವ ಹಂಚಿಕೆಯ ಬಹುಪಾಲು ಲಿನಕ್ಸ್‌ನ ಸಿಗ್ರೂಪ್ ಮೇಲೆ ನಿಂತಿದೆ. ಗೂಗಲ್‌ನ ಪಾಲ್ ಮೆನಾಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಇದನ್ನು ಆರಂಭಿಸಿದರು; 2008ರ ಜನವರಿಯ 2.6.24ನೇ ಆವೃತ್ತಿಯಲ್ಲಿ ಇದು ಕರ್ನಲ್ ಸೇರಿತು. ಪ್ರೋಗ್ರಾಂಗಳನ್ನು ಮರದ ಕೊಂಬೆಗಳಂತೆ ಗುಂಪುಗೂಡಿಸಿ, ಒಂದೊಂದು ಕೊಂಬೆಗೂ ಪಾಲು ಮತ್ತು ಮಿತಿ ಬರೆಯುವ ಚೌಕಟ್ಟು ಇದು. ಆದರೆ ಚೌಕಟ್ಟು ತಾನಾಗಿ ಏನನ್ನೂ ಹಂಚುವುದಿಲ್ಲ. ಅದರೊಳಗೆ ಕೆಲಸ ಮಾಡುವ ಭಾಗಗಳನ್ನು ಬರೆಯುವುದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ ಎಂಬ ಹೊಸ ಸರದಿ ವಿಧಾನ 2007ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ಗೆ ಬಂದಾಗ ಅದೂ ಬಿಡಿ ಪ್ರೋಗ್ರಾಂಗಳನ್ನೇ ಎಣಿಸುತ್ತಿತ್ತು. ಅದಕ್ಕೆ ಗುಂಪಿನ ಲೆಕ್ಕ ಕಲಿಸಿದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಶ್ರೀವತ್ಸ ವಡ್ಡಗಿರಿ. ಮೊದಲು ಗುಂಪುಗಳ ನಡುವೆ, ಆಮೇಲೆ ಗುಂಪಿನೊಳಗೆ ಹಂಚಿಕೆ: ಸಿಡ್ನಿಯ ಹಳೆಯ ಪ್ರಶ್ನೆಗೆ ಲಿನಕ್ಸ್ ಕೊಟ್ಟ ಉತ್ತರ ಅದು. ಐಬಿಎಂನ ಬಲ್ಬೀರ್ ಸಿಂಗ್, ಓಪನ್‌ವಿಝಡ್‌ನ ಪಾವೆಲ್ ಎಮೆಲ್ಯಾನೊವ್ ಜೊತೆ ಮೆಮೊರಿ ನಿಯಂತ್ರಕ ಬರೆದರು. ಅದು 2008ರ ಏಪ್ರಿಲ್‌ನ 2.6.25ರಲ್ಲಿ ಸೇರಿತು. ಹತ್ತು ಗುಂಪುಗಳು ಒಂದೇ ಫೈಲನ್ನು ಓದುತ್ತಿದ್ದರೆ, ಮೆಮೊರಿಯಲ್ಲಿರುವ ಅದರ ಒಂದೇ ಪ್ರತಿಯನ್ನು ಯಾರ ಲೆಕ್ಕಕ್ಕೆ ಹಾಕಬೇಕು? ಮೊದಲು ಮುಟ್ಟಿದವರ ಲೆಕ್ಕಕ್ಕೆ ಎಂದು ಅವರು ತೀರ್ಮಾನಿಸಿದರು. ಇದು ಪೂರ್ತಿ ನ್ಯಾಯವಲ್ಲ. ಆದರೆ ಹತ್ತರಲ್ಲಿ ಒಂದೊಂದು ಭಾಗ ಹಂಚಿ ಬರೆಯಲು ಹೋದರೆ ಲೆಕ್ಕ ಇಡುವ ಕೆಲಸವೇ ಯಂತ್ರವನ್ನು ತಿಂದುಹಾಕುತ್ತದೆ.

ಮೂರನೆಯದು ಬೇಲಿ. ಪ್ರತಿ 100 ಮಿಲಿಸೆಕೆಂಡಿಗೆ ಇಷ್ಟೇ ಹೊತ್ತು, ಯಂತ್ರ ಖಾಲಿಯಿದ್ದರೂ ಅದಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ. ಐಬಿಎಂನ ಭರತ ಬಿ. ರಾವ್ ಆರಂಭಿಸಿ, ಗೂಗಲ್‌ನ ಪಾಲ್ ಟರ್ನರ್ ಮತ್ತು ನಿಖಿಲ್ ರಾವ್ ಮುಂದುವರಿಸಿದ ಈ ಭಾಗ 2012ರ ಜನವರಿಯ 3.2ರಲ್ಲಿ ಬಂತು. ಬಾಡಿಗೆಗೆ ಕೊಡುವವರಿಗೆ ಇದು ಬೇಕಿತ್ತು, ಕೊಟ್ಟ ದುಡ್ಡಿಗೆ ತಕ್ಕಷ್ಟೇ ಅಳೆದು ಕೊಡಬಹುದು. ಆದರೆ ಓಡುವ ಪ್ರೋಗ್ರಾಂಗೆ ಅದರ ಪೆಟ್ಟು ವಿಚಿತ್ರ. 40 ಮಿಲಿಸೆಕೆಂಡಿನ ಮಿತಿಯುಳ್ಳ ಪ್ರೋಗ್ರಾಂ ಪ್ರೊಸೆಸರ್‌ನ ನಾಲ್ಕು ಕೋರ್‌ಗಳಲ್ಲಿ ಒಟ್ಟಿಗೆ ಓಡಿದರೆ 10 ಮಿಲಿಸೆಕೆಂಡಿನಲ್ಲೇ ಪಾಲು ತೀರುತ್ತದೆ. ಉಳಿದ 90 ಅದು ಕಲ್ಲಿನಂತೆ ನಿಂತಿರಬೇಕು. ಸರಾಸರಿ ಬಳಕೆಯ ಗ್ರಾಫ್ ತಣ್ಣಗಿರುತ್ತದೆ, ಬಳಕೆದಾರರ ಪುಟ ಮಾತ್ರ ತಡವಾಗಿ ತೆರೆಯುತ್ತದೆ. ಇದರ ಮೇಲೆ, ಕೋರ್‌ಗಳಿಗೆ ತುಣುಕು ತುಣುಕಾಗಿ ಕೊಟ್ಟ ಹೊತ್ತು ಬಳಕೆಯಾಗದಿದ್ದರೆ ರದ್ದಾಗುತ್ತಿದ್ದುದರಿಂದ, ಹಲವು ಕೋರ್‌ಗಳ ಯಂತ್ರಗಳಲ್ಲಿ ಮಿತಿಯನ್ನು ಮುಟ್ಟದ ಪ್ರೋಗ್ರಾಂಗಳೂ ತಡೆಗೊಳಗಾಗುತ್ತಿದ್ದವು. 2019ರ 5.4ನೇ ಆವೃತ್ತಿ ಆ ರದ್ದತಿಯನ್ನು ತೆಗೆದು ದೋಷ ಸರಿಪಡಿಸಿತು.

ಕಂಟೇನರ್‌ಗಳು

ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಬೇರ್ಪಟ್ಟ ಆವರಣದಲ್ಲಿ ಓಡಿಸುವ ಡಾಕರ್ 2013ರಲ್ಲಿ ಬಂದ ಮೇಲೆ ಸಿಗ್ರೂಪ್ ಎಲ್ಲರ ಕೈಗೂ ತಲುಪಿತು. ಗೂಗಲ್ ತನ್ನ ಒಳಗಿನ ಬೋರ್ಗ್ ವ್ಯವಸ್ಥೆಯ ಅನುಭವದಿಂದ 2014ರಲ್ಲಿ, ಕಂಟೇನರ್‌ಗಳನ್ನು ಹಲವು ಸರ್ವರ್‌ಗಳಲ್ಲಿ ಹಂಚಿ ಓಡಿಸುವ ಕುಬರ್ನೆಟಿಸ್ ಪ್ರಕಟಿಸಿತು. ಬೋರ್ಗ್ ಬಗ್ಗೆ 2015ರಲ್ಲಿ ಬಂದ ಪ್ರಬಂಧ ಸಂಪನ್ಮೂಲಗಳನ್ನು ಎರಡಾಗಿ ವಿಂಗಡಿಸಿತು: ಪ್ರೋಗ್ರಾಂ ಅನ್ನು ಕೊಲ್ಲದೆ ಕುಗ್ಗಿಸಬಹುದಾದವು, ಕುಗ್ಗಿಸಲಾಗದವು. ಪ್ರೊಸೆಸರ್ ಮೊದಲನೆಯದು, ಮೆಮೊರಿ ಎರಡನೆಯದು. ಕೇಳಿ ಪಡೆದೂ ಬಳಸದೆ ಬಿಟ್ಟ ಪಾಲನ್ನು ಬೋರ್ಗ್ ಅವಸರವಿಲ್ಲದ ಕೆಲಸಗಳಿಗೆ ಕೊಡುತ್ತಿತ್ತು. ಒಟ್ಟು ಕೆಲಸದ ಸುಮಾರು ಶೇ. 20 ಹೀಗೆ ಉಳಿಸಿದ ಜಾಗದಲ್ಲೇ ನಡೆಯುತ್ತಿತ್ತು.

ಕುಬರ್ನೆಟಿಸ್‌ನಲ್ಲಿ ಪ್ರತಿ ಅಪ್ಲಿಕೇಶನ್ ಎರಡು ಅಂಕಿ ಬರೆದುಕೊಡಬಹುದು: ಖಾತರಿಯಾಗಿ ಬೇಕಾದ ‘ರಿಕ್ವೆಸ್ಟ್’, ಮೀರಬಾರದ ‘ಲಿಮಿಟ್’. ಪ್ರೊಸೆಸರ್ ಲಿಮಿಟ್ ಮೀರಿದರೆ ಪ್ರೋಗ್ರಾಂ ನಿಧಾನವಾಗುತ್ತದೆ. ಮೆಮೊರಿ ಲಿಮಿಟ್ ಮೀರಿದರೆ ಕರ್ನಲ್ ಅದನ್ನು ಕೊಲ್ಲುತ್ತದೆ, ಲಾಗ್‌ನಲ್ಲಿ 137 ಎಂಬ ಅಂಕಿ ಉಳಿಯುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಈ ಅಂಕಿ ಮನೆಯ ಬಾಗಿಲ ಸಂಖ್ಯೆಯಷ್ಟು ಪರಿಚಿತ.

ಮಿತಿ ಹಾಕಿದ ಮಾತ್ರಕ್ಕೆ ಒಳಗಿನ ಪ್ರೋಗ್ರಾಂಗೆ ಅದು ತಿಳಿಯಬೇಕೆಂದಿಲ್ಲ. ಜಾವಾ ಇದಕ್ಕೆ ದುಬಾರಿ ಉದಾಹರಣೆ. ಜಾವಾ ತನ್ನ ಹೀಪ್‌ನ (ದತ್ತಾಂಶ ಇಡುವ ಮೆಮೊರಿಯ) ಗರಿಷ್ಠ ಗಾತ್ರವನ್ನು ಯಂತ್ರದ ಮೆಮೊರಿಯ ನಾಲ್ಕನೇ ಒಂದು ಭಾಗವೆಂದು ತಾನೇ ನಿಗದಿ ಮಾಡಿಕೊಳ್ಳುತ್ತದೆ. 64 ಜಿಬಿಯ ಸರ್ವರ್ ಮೇಲೆ 2 ಜಿಬಿ ಮಿತಿಯ ಕಂಟೇನರ್‌ನಲ್ಲಿ ಕೂತ ಹಳೆಯ ಜಾವಾ ನೋಡುತ್ತಿದ್ದದ್ದು ಆ 64ನ್ನು. 16 ಜಿಬಿವರೆಗೆ ಬೆಳೆಯಬಹುದೆಂದು ನಂಬಿ, ಕಸ ಗುಡಿಸುವ ಗೋಜಿಗೆ ಹೋಗದೆ, 2 ದಾಟಿದ ಕ್ಷಣ ಸಾಯುತ್ತಿತ್ತು. 2018ರಲ್ಲಿ ಬಂದ ಜಾವಾ 10 ಕಂಟೇನರ್‌ನ ಮಿತಿಯನ್ನು ತಾನಾಗಿ ಓದಲು ಕಲಿತಿತು. ಅದೇ ವರ್ಷ ಆ ತಿದ್ದುಪಡಿಯನ್ನು ಜಾವಾ 8ಕ್ಕೂ ಕೊಟ್ಟರು.

ಟೆಜುನ್ ಹಿಯೋ ಮುಂದಾಳತ್ವದಲ್ಲಿ ಮರುವಿನ್ಯಾಸಗೊಂಡ ಸಿಗ್ರೂಪ್‌ನ ಎರಡನೇ ಆವೃತ್ತಿ 2016ರಲ್ಲಿ ಅಧಿಕೃತವಾಯಿತು. ಮೆಮೊರಿಗೆ ಕೊಲ್ಲುವ ಮಿತಿಯೊಂದೇ ಅಲ್ಲದೆ, ಮೀರಿದಾಗ ಎಳೆದು ಹಿಡಿದು ಪುಟ ಬಿಡಿಸುವ ಮೆತ್ತನೆಯ ಮಿತಿಯನ್ನೂ, ಕಷ್ಟಕಾಲದಲ್ಲಿ ಕಾಪಾಡಬೇಕಾದ ಕನಿಷ್ಠ ಪಾಲನ್ನೂ ಅದು ಒದಗಿಸಿತು. 2018ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್‌ನ ಯೋಹಾನೆಸ್ ವೀನರ್ ಬರೆದ ಪಿಎಸ್‌ಐ ಲಿನಕ್ಸ್ ಸೇರಿತು. ಎಷ್ಟು ಮೆಮೊರಿ ತುಂಬಿದೆ ಎಂಬುದರ ಬದಲು, ಮೆಮೊರಿ ಸಾಲದೆ ಪ್ರೋಗ್ರಾಂಗಳು ಎಷ್ಟು ಹೊತ್ತು ಕಾದು ನಿಂತವು ಎಂಬುದನ್ನು ಅದು ಅಳೆಯುತ್ತದೆ. ಡೆನ್ನಿಂಗ್ ವಿವರಿಸಿದ ಆ ಕಾಯಿಲೆಗೆ ಐವತ್ತು ವರ್ಷಗಳ ನಂತರ ಸಿಕ್ಕ ಥರ್ಮಾಮೀಟರ್ ಅದು. ಸರದಿಯ ಕಡೆ, 2023ರ ಅಕ್ಟೋಬರ್‌ನ 6.6ನೇ ಆವೃತ್ತಿಯಲ್ಲಿ ಸಿಎಫ್‌ಎಸ್‌ನ ಜಾಗಕ್ಕೆ ಇಇವಿಡಿಎಫ್ ಎಂಬ ಸರದಿ ವಿಧಾನ ಬಂತು. ಅದರ ಮೂಲ ಅಯಾನ್ ಸ್ಟೋಯ್ಕಾ ಮತ್ತು ಹುಸೇನ್ ಅಬ್ದೆಲ್ ವಹಾಬ್ 1995ರಲ್ಲಿ ಬರೆದ ಪ್ರಬಂಧದಲ್ಲಿದೆ.

ಓಡುತ್ತಿರುವ ಅಪ್ಲಿಕೇಶನ್‌ನ ಪಾಲನ್ನು ಅದನ್ನು ನಿಲ್ಲಿಸದೆಯೇ ಬದಲಿಸುವ ಸೌಲಭ್ಯ ಕುಬರ್ನೆಟಿಸ್‌ಗೆ 2023ರ ಏಪ್ರಿಲ್‌ನಲ್ಲಿ ಪ್ರಯೋಗವಾಗಿ ಸೇರಿ, 2025ರ ಏಪ್ರಿಲ್‌ನ 1.33ನೇ ಆವೃತ್ತಿಯಲ್ಲಿ ಬೀಟಾ ಹಂತಕ್ಕೆ ಬಂತು. ಪ್ರೊಸೆಸರ್ ಪಾಲನ್ನು ಅದರಲ್ಲಿ ಏರಿಸಲೂಬಹುದು, ಇಳಿಸಲೂಬಹುದು. ಮೆಮೊರಿ ಲಿಮಿಟ್ ಏರಿಸಬಹುದಿತ್ತು. ಇಳಿಸಬೇಕಾದರೆ ಮಾತ್ರ ಆ ಆವೃತ್ತಿಯಲ್ಲಿ ಕಂಟೇನರ್ ಅನ್ನು ಮತ್ತೆ ಶುರು ಮಾಡಲೇಬೇಕಿತ್ತು.